ದೇವರ ಜಗಲಿಯ ಗುಲ್ದಾನ್

ಹಳೆಯ ಸಾಮಾನಿನ ಹುಚ್ಚು ನನ್ನ ಗಂಡನದು. ಅದನ್ನು ನನಗೂ ಹಿಡಿಸಿದವರು ಅವರೇ. ಸಂತಪುರದ ನನ್ನ ತವರಿನಲ್ಲಿ ಕುರ್ಚಿ ಎನ್ನುವುದೇ ಇರಲಿಲ್ಲ. ಯಾರಾದರೂ ಬಂದರೆ ಕಂಬಳಿ ಹಾಸುತ್ತಿದ್ದೆವು, ತಹಸೀಲಿನವರು ಬಂದರೆ ಎರಡು ಕಂಬಳಿ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲೆ ಮದುವೆಯಾಗಿ ಭಾಲ್ಕಿಗೆ ಬಂದೆ. ಗಂಡನ ಮನೆಯ ಪಡಸಾಲೆಯಲ್ಲಿ ಕೈ ಇರುವ ಶೀಶಂ ಕುರ್ಚಿಗಳು, ಆಳೆತ್ತರದ ಕನ್ನಡಿ, ತೊಲೆಯಿಂದ ಇಳಿಬಿಟ್ಟ ನೀಲಿ ಗಾಜಿನ ಹಂಡಿ ದೀಪ ಎಲ್ಲ ಇದ್ದವು. ಕುರ್ಚಿಯ ಮೇಲೆ ಕೂಡಲು ಹೆದರಿ ಎಷ್ಟೋ ದಿನ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೇನೆ.

ಇವರದು ಗಂಜ್ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ. ವ್ಯಾಪಾರಕ್ಕೆಂದು ಬೀದರಿಗೆ ಹೋದವರು ರೈಲು ಇಳಿದು ಬರುವಾಗ ಬಗಲಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಆಗ ಬೀದರಿನ ಓಣಿಗಳಲ್ಲಿ ದೊಡ್ಡ ಮನೆಗಳ ಸಾಮಾನು ಬೀದಿಗೆ ಬಿದ್ದಿತ್ತು. ಊರು ಬಿಟ್ಟು ಹೋಗುವವರು ತಮ್ಮದನ್ನು ಮಾರುತ್ತಿದ್ದರು. ಯಾರೂ ಇಲ್ಲದ ಮನೆಗಳದ್ದನ್ನು ಬೇರೆ ಯಾರೋ ಮಾರುತ್ತಿದ್ದರು. ಯಾವುದು ಯಾರದ್ದು ಎಂದು ಇವರು ಕೇಳುತ್ತಿರಲಿಲ್ಲ. ನಾನು ಕೇಳಿದರೆ, ರೊಕ್ಕ ಕೊಟ್ಟು ತಂದಿದ್ದೇನೆ, ಕಸಿದುಕೊಂಡು ತಂದಿಲ್ಲ ಎನ್ನುತ್ತಿದ್ದರು. ರಜಾಕಾರರ ಹಾವಳಿಯಲ್ಲಿ ನಮ್ಮ ತವರಿನ ತಾಮ್ರದ ಹಂಡೆಯಿಂದ ಹಿಡಿದು ತಂಬಿಗೆಯ ತನಕ ಹೋಗಿತ್ತು. ಹೋದದ್ದು ಹೋಯಿತು, ಬಂದದ್ದು ಬಂತು ಎಂದುಕೊಂಡು ನಾನೂ ಸುಮ್ಮನಾದೆ.

ಸುಮ್ಮನಾದದ್ದಷ್ಟೇ ಅಲ್ಲ, ಆ ಸಾಮಾನಿನ ಮೇಲೆ ನನಗೆ ಮೋಹ ಹುಟ್ಟಿತು. ಹರಳೆಣ್ಣೆಯಲ್ಲಿ ಹಳೇ ಧೋತರದ ಚೂರು ಅದ್ದಿ ಕುರ್ಚಿಯ ಕೆತ್ತನೆಯ ಸಂದಿಸಂದಿ ಒರೆಸುವುದು, ಹಂಡಿಯ ಗಾಜು ಇಳಿಸಿ ಸೀಗೆಕಾಯಿ ನೀರಿನಲ್ಲಿ ತೊಳೆಯುವುದು, ಕನ್ನಡಿಯನ್ನು ಇವತ್ತು ಈ ಗೋಡೆಗೆ, ನಾಳೆ ಆ ಗೋಡೆಗೆ ನಿಲ್ಲಿಸುವುದು, ಇದೇ ನನ್ನ ಕೆಲಸ. ಓಣಿಯ ಹೆಂಗಸರು ನೋಡಲು ಬಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಮ್ಮೆ ಇವರು ಒಂದು ಕಪ್ಪು ಪಾತ್ರೆ ತಂದರು. ನಡು ಸಣ್ಣ, ಬಾಯಿ ತಟ್ಟೆಯಷ್ಟು ಅಗಲ, ಮೈತುಂಬ ಬೆಳ್ಳಿಯ ಬಳ್ಳಿ. ಬೀದರಿನ ಕೆಲಸ, ಹೂವಿಡುವುದು ಇರಬೇಕು ಎಂದರು. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ನೇರ ದೇವರ ಜಗಲಿಗೆ ಒಯ್ದು, ಬಸವಣ್ಣನವರ ಪಟದ ಮುಂದೆ ಇಟ್ಟರು. ಅವತ್ತಿನಿಂದ ಅದರಲ್ಲಿ ದಿನಾ ಚೆಂಡುಹೂವು. ಸೋಮವಾರಕ್ಕೊಮ್ಮೆ ಹಿತ್ತಾಳೆಯ ದೀಪದ ಸಮೆಗಳ ಜೊತೆ ಅದನ್ನೂ ನಾನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದೆ. ತಿಕ್ಕಿದಷ್ಟೂ ಕಪ್ಪು ಬಿಡುತ್ತಿತ್ತು. ಎಷ್ಟು ವರ್ಷದ ಕೊಳೆಯೋ, ಆ ಮನೆಯವರು ಎಂಥ ಸೋಮಾರಿಗಳೋ ಎಂದು ಬೈದುಕೊಳ್ಳುತ್ತ ಇನ್ನಷ್ಟು ತಿಕ್ಕಿದೆ. ಮಳೆಗಾಲ ಮುಗಿಯುವುದರೊಳಗೆ ಅದು ಬೂದಿಬಣ್ಣಕ್ಕೆ ತಿರುಗಿತ್ತು. ನನ್ನ ಕೈಗುಣಕ್ಕೆ ನಾನೇ ಹಿಗ್ಗಿದೆ.

ಕುರ್ಚಿಗಳ ಬೆತ್ತ ಜೋತುಬಿದ್ದಿತ್ತು. ಮೇಲೆ ಹಾಕಲು ಗಾದಿ ಹೊಲಿಸಬೇಕೆಂದು ಒಬ್ಬ ಹೆಂಗಸನ್ನು ಕರೆಸಿದೆವು. ಬೀದರಿನ ಒಳ್ಳೆಯ ಮನೆತನದ ಮುಸ್ಲಿಂ ಹೆಂಗಸು. ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಮನೆಯ ಗಂಡಸರು ಹೋದವರು ಬರಲಿಲ್ಲ. ಈಗ ಭಾಲ್ಕಿಯಲ್ಲಿ ತಂಗಿಯ ಮನೆಯಲ್ಲಿದ್ದು ಹೊಲಿಗೆ ಮಾಡುತ್ತಿದ್ದರು. ಚಿಕ್ಕಮ್ಮ ಎನ್ನುವ ಹಾಗೆ ನಾನು ಖಾಲಾ ಎಂದು ಕರೆದೆ. ಅವರು ಪಡಸಾಲೆಯಲ್ಲಿ ಕೂತು ಕುರ್ಚಿಯ ಅಳತೆ ತೆಗೆದುಕೊಂಡರು. ನಾನು ಚಹಾ ಕೊಟ್ಟೆ, ಹೊರಗಟ್ಟೆಯ ಗೂಡಿನಲ್ಲಿ ಹೊರಗಿನವರಿಗೆಂದೇ ಇಟ್ಟಿದ್ದ ಕಪ್ಪಿನಲ್ಲಿ. ನಾವು ಬಸವಣ್ಣನವರ ಒಕ್ಕಲು, ಆದರೂ ಆ ಗೂಡು ನಮ್ಮ ಮನೆಯಲ್ಲಿತ್ತು. ಅವತ್ತು ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಪಡಸಾಲೆಯಿಂದ ದೇವರ ಜಗಲಿ ಎದುರಿಗೇ ಕಾಣುತ್ತದೆ. ಖಾಲಾ ಎರಡು ಸಲ ಆ ಕಡೆ ನೋಡಿದ್ದು ಅತ್ತೆಯ ಕಣ್ಣಿಗೆ ಬಿತ್ತು. ತೋರಿಸುವ ಚಪಲ ಅವರಿಗೂ ಕಮ್ಮಿ ಇರಲಿಲ್ಲ. ಹೂವು ತೆಗೆದಿಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

"ನೀವು ಬೀದರದವರು. ಇದಕ್ಕ ಏನಂತಾರ್ರಿ ನಿಮ್ಮ ಕಡಿ? ದೂರಿಂದ ನೋಡ್ರಿ, ದೇವರ ಮುಂದಿಂದದ."

ಖಾಲಾ ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ, ಬುಡದಲ್ಲಿ ಒಂದು ಚೂರು ಒಡೆದಿದೆಯೇ ಎಂದು ಕೇಳಿದರು. ಅತ್ತೆ ತಿರುಗಿಸಿ ನೋಡಿದರೆ ಒಡೆದಿತ್ತು. ನಿಮಗೆ ಹೇಗೆ ಗೊತ್ತು ಎಂದದ್ದಕ್ಕೆ, ಹಳೇ ಸಾಮಾನಿಗೆ ಅಲ್ಲೇ ಏಟು ಬೀಳುತ್ತದೆ ಎಂದರು.

"ಗುಲ್ದಾನ್ ಅಂತಾರ್ರಿ ಇದಕ್ಕ. ಹೂವ ಇಡೋದು."

ಅತ್ತೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನನ್ನ ತಲೆಯಲ್ಲಿ ಮಾತ್ರ ಆ ಒಡೆದ ಚೂರಿನ ಮಾತೇ ಉಳಿಯಿತು. ಖಾಲಾ ಎದ್ದು ಹೊರಟಾಗ ಅವರ ಹಿಂದೆಯೇ ಓಣಿಯ ತಿರುವಿನ ತನಕ ಹೋದೆ. ಅದು ನಿಮ್ಮದೇ ಅಲ್ಲವೇ ಎಂದು ಕೇಳಿದೆ. ಅವರು, ಅದರ ಕಪ್ಪು ಎಲ್ಲಿ ಹೋಯಿತು ಎಂದು ಕೇಳಿದರು. ಹುಣಸೆಹಣ್ಣಿನ ವಿಷಯ ಹೇಳಿದೆ. ಹಲ್ಲುನೋವು ಬಂದವರ ಹಾಗೆ ಮುಖ ಮಾಡಿ, ಮರುಕ್ಷಣ ನಕ್ಕುಬಿಟ್ಟರು.

"ಕಪ್ಪೇ ಅದರ ಛಂದ ಮಗಳ. ಹುಣಸಿ ಮುಟ್ಟಸಬ್ಯಾಡ. ಎಣ್ಣಿ ಹಚ್ಚಿ ಅರಬಿಲಿಂದ ಒರಸು. ಒಳಗ ನೀರೂ ನಿಲ್ಲಸಬ್ಯಾಡ, ನಾವು ಬೂದಿ ಹಾಕಿಡ್ತಿದ್ದಿವಿ."

ಹೂವಿಗೆ ಬೂದಿ ಯಾಕೆ ಎಂದೆ. ಅವರು ನಿಂತುಬಿಟ್ಟರು. ನಮ್ಮ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. ಅದು ಉಗಾಲ್ದಾನ್. ಎಲೆಅಡಿಕೆ ಉಗುಳುವ ಪಾತ್ರೆ. ಅವರ ಅತ್ತೆಯದು. ಆ ಮುದುಕಿ ಹಾಸಿಗೆ ಹಿಡಿದಾಗ ಬಾಯಿಯ ಕೆಳಗೆ ಅದನ್ನು ಹಿಡಿದು ಕೂತವರು ಇವರೇ. ಒಮ್ಮೆ ಕೈಜಾರಿ ಬಿದ್ದು ಬುಡದ ಚೂರು ಹಾರಿತ್ತು.

"ನಿಮ್ಮತ್ತಿಗಿ ಹೇಳಬ್ಯಾಡ, ನಿನಗ ಬೈತಾರ. ಹೂವ ಇಟ್ಟೀರಲ್ಲ, ಈಗ ಅದು ಗುಲ್ದಾನೇ."

ಮನೆಗೆ ಬಂದು ಒಲೆಯ ಮುಂದೆ ಕೂತೆ. ಮುಖ ಬೆಂಕಿಗಿಂತ ಹೆಚ್ಚು ಉರಿಯುತ್ತಿತ್ತು. ಉಗುಳುವ ಪಾತ್ರೆಗೆ ಹೂವಿಟ್ಟು ಕೈಮುಗಿದ ನಾಚಿಕೆ ಒಂದು. ಯಾವ ಮನೆಯವರನ್ನು ಸೋಮಾರಿಗಳೆಂದು ಬೈದಿದ್ದೆನೋ ಆ ಮನೆಯವಳೇ ಎದುರಿಗೆ ಕೂತು ಹೋದ ನಾಚಿಕೆ ಇನ್ನೊಂದು. ಅವರು ಕುಡಿದ ಚಹಾದ ಕಪ್ಪು ಹೊರಗಿನ ಗೂಡಿನಲ್ಲಿತ್ತು, ಅವರ ಅತ್ತೆ ಉಗುಳಿದ ಪಾತ್ರೆ ಒಳಗೆ ದೇವರ ಹತ್ತಿರ ಇತ್ತು. ಇಷ್ಟೆಲ್ಲ ಆದ ಮೇಲೆ ಹೊಳೆದದ್ದೇ ಎಲ್ಲಕ್ಕಿಂತ ಕೆಟ್ಟದ್ದು. ಖಾಲಾ ನಿಜ ಹೇಳಿದ್ದರೆ ಅತ್ತೆ ಆ ಕ್ಷಣವೇ ಅದನ್ನು ಅಂಗಳಕ್ಕೆ ಬಿಸಾಡುತ್ತಿದ್ದರು. ಬಿಸಾಡಿದ್ದನ್ನು ಅವರು ಎತ್ತಿಕೊಂಡು ಹೋಗಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಒಂದು ಮಾತಿನಿಂದ ತಮ್ಮ ಸಾಮಾನು ತಮಗೆ ಸಿಗುತ್ತಿತ್ತು. ಗುರುತಿಲ್ಲದ ಸೊಸೆಯೊಬ್ಬಳು ಬೈಸಿಕೊಳ್ಳಬಾರದೆಂದು ಅದನ್ನು ಬಿಟ್ಟುಹೋಗಿದ್ದರು.

ಹಾಗಾದರೆ ಆ ಮಾತನ್ನು ನಾನೇ ಆಡಿಬಿಡುತ್ತೇನೆ ಎಂದು ನಿಶ್ಚಯಿಸಿದೆ. ಬೈದರೆ ಬೈಯಲಿ. ಅತ್ತೆ ಬಿಸಾಡುತ್ತಾರೆ, ನಾನು ಎತ್ತಿಟ್ಟುಕೊಂಡು, ಎಣ್ಣೆ ಹಚ್ಚಿ, ಗಾದಿ ತಂದ ದಿನ ಖಾಲಾನ ಕೈಗೆ ಕೊಡುತ್ತೇನೆ. ಇವರು ಊಟಕ್ಕೆ ಬಂದಾಗ ಇಬ್ಬರ ಮುಂದೆಯೂ ಹೇಳಿದೆ, ಉಗಾಲ್ದಾನ್ ಎಂದೂ ಹೇಳಿದೆ, ಯಾರದ್ದೆಂದೂ ಹೇಳಿದೆ.

ನಾನು ಎಣಿಸಿದಂತೆ ಆಗಲಿಲ್ಲ. ಅತ್ತೆ ಬೈಯಲಿಲ್ಲ, ಬಿಸಾಡಲೂ ಇಲ್ಲ. ಬಾಯಿಯ ಮೇಲೆ ಸೆರಗಿಟ್ಟುಕೊಂಡು ಎದ್ದು ಜಗಲಿ ಸಾರಿಸತೊಡಗಿದರು. ಇವರು ಊಟ ಅರ್ಧಕ್ಕೇ ಬಿಟ್ಟು ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿದರು. ಖಾಲಾಗೆ ಕೊಡೋಣವೆಂದು ನಾನು ಅಡ್ಡ ನಿಂತೆ.

"ಇವತ್ತ ಇದು ಕೊಟ್ರ, ನಾಳಿ ಕುರ್ಚಿ ಯಾರಿಗಿ ಕೊಡಬೇಕು? ಕನ್ನಡಿ ಯಾರಿಗಿ ಕೊಡಬೇಕು?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನನ್ನ ಮುಖ ನೋಡದೆಯೇ ಮಾತಾಡಿದರು. ಯಾವುದು ಯಾರದ್ದು ಎಂಬ ಯೋಚನೆ ಅವರನ್ನೂ ಮೊದಲಿನಿಂದ ಕೊರೆಯುತ್ತಿತ್ತೆಂದು ನನಗೆ ಆಗ ತಿಳಿಯಿತು. ತಿಳಿದು ಏನು ಮಾಡುವುದು, ಅವರು ಬೀದರಿನ ರೈಲು ಹತ್ತಿದರು. ಮರುದಿನ ಅದರ ಬದಲಿಗೆ ಗೋಡೆ ಗಡಿಯಾರವೊಂದು ಬಂತು.

ಗಾದಿ ಹೊಲಿದು ಖಾಲಾ ಬಂದಾಗ ಆ ಗಡಿಯಾರ ಪಡಸಾಲೆಯಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ಚಹಾವನ್ನು ನಾನು ನಮ್ಮ ಹಿತ್ತಾಳೆ ಲೋಟದಲ್ಲಿ ಕೊಟ್ಟೆ. ಅತ್ತೆ ನೋಡಿದರು. ಖಾಲಾ ಗಾದಿಗಳನ್ನು ಕುರ್ಚಿಗೆ ಕೂರಿಸಿ, ಅಂಚು ಎಳೆದು ಸರಿಮಾಡಿ, ಚೀಲದಲ್ಲಿ ಕೈಹಾಕಿ ಏನನ್ನೋ ತೆಗೆಯುತ್ತ ಜಗಲಿಯ ಕಡೆ ತಿರುಗಿದರು. ಅಲ್ಲಿ ಚೆಂಡುಹೂವು ಹಿತ್ತಾಳೆಯ ತಟ್ಟೆಯಲ್ಲಿತ್ತು.

ಅವರ ಕೈಯಲ್ಲಿದ್ದದ್ದು ಗಾದಿಯ ಅರಿವೆಯ ಉಳಿದ ಚೂರುಗಳಿಂದ ಹೊಲಿದ ಒಂದು ಗುಂಡನೆಯ ಹಾಸು, ಅಂಗೈಗಿಂತ ತುಸು ದೊಡ್ಡದು. ಅಳತೆ ತೆಗೆದುಕೊಳ್ಳದೆ ಹೊಲಿದದ್ದು, ಆ ಪಾತ್ರೆಯ ಬುಡದ ಅಳತೆ ಅವರ ಕೈಗೇ ಗೊತ್ತಿತ್ತು. ಒಡೆದ ಬುಡ ಜಗಲಿಯ ಕಲ್ಲಿಗೆ ತಾಗಬಾರದೆಂದು ಕೆಳಗೆ ಹಾಸುವುದಕ್ಕೆ ತಂದಿದ್ದರು. ಅಂಚಿಗೆ ಹಸಿರು ದಾರದಲ್ಲಿ ಸಣ್ಣ ಸಣ್ಣ ಎಲೆ.

ಖಾಲಾ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಹಾಸನ್ನು ನನ್ನ ಕೈಯಲ್ಲಿಟ್ಟು, ಬೇರೆ ಏನಾದರೂ ಬಂದಾಗ ಅದರ ಕೆಳಗೆ ಹಾಕು ಎಂದರು.

ಆಮೇಲೆ ನಮ್ಮ ಮನೆಗೆ ಎಷ್ಟೋ ಸಾಮಾನು ಬಂತು. ಆ ಹಾಸನ್ನು ಯಾವುದರ ಕೆಳಗೂ ಹಾಕಲು ನನಗೆ ಮನಸ್ಸಾಗಲಿಲ್ಲ.