ಓಬಳಮ್ಮನ ಸೊಂಟದ ಸುತ್ತು

ನಮ್ಮ ಚಿಕ್ಕಮ್ಮ ಓಬಳಮ್ಮನ ಸೀರೆ ಯಾವತ್ತೂ ಜಾರಿದ್ದಿಲ್ಲ. ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಚೀಲ ಹೊರುವವಳು. ಲಂಗದ ಲಾಡಿಯನ್ನು ಉಸಿರುಕಟ್ಟುವಷ್ಟು ಬಿಗಿದು, ಎಲೆಅಡಿಕೆ ಚೀಲ, ಬೀಗದಕೈ ಎಲ್ಲವನ್ನೂ ಅಲ್ಲಿಗೇ ಸಿಕ್ಕಿಸುವಳು. ಸಡಿಲವಾಗಿ ಉಟ್ಟ ಹೆಂಗಸರನ್ನು ಕಂಡರೆ ಅವಳಿಗಾಗದು. ಬೈಸಿಕೊಳ್ಳುವ ಭಾಗ್ಯ ನನಗೂ ಸಿಕ್ಕಿದೆ.

ಅವಳ ಸೊಂಟದ ಸುತ್ತ ಚರ್ಮ ಕಪ್ಪಾಗಿ ಒರಟಾಗಿತ್ತು. ಕಳೆದ ವರ್ಷ ಎಡಪಕ್ಕದಲ್ಲಿ ಹುಣ್ಣೆದ್ದಿತು. ಹಕ್ಕಳೆ ಕಟ್ಟುವುದು, ಕಿತ್ತು ರಕ್ತ ಬರುವುದು, ಮತ್ತೆ ಕಟ್ಟುವುದು. ಅಂಚು ಗಟ್ಟಿಯಾಗಿ ಉಬ್ಬಿತೇ ಹೊರತು ವಾಸಿಯಾಗಲಿಲ್ಲ. ಹುಣ್ಣು ಸೊಂಟ ಸುತ್ತಹೊರಟ ಮೇಲೆ ಸರ್ಪಸುತ್ತಲ್ಲದೆ ಇನ್ನೇನು? ಊರ್ಡಿಗೆರೆಯ ಹಿರಿಯರೊಬ್ಬರು ಮಂತ್ರ ಹಾಕಿ ಕಾವಿ ಬಳಿದರು. "ತಲೆ ಬಾಲ ಕೂಡ್ದಂಗೆ ನೋಡ್ಕಳವ್ವ, ಕೂಡುದ್ರೆ ಜೀವ ಉಳಿಯಾಕಿಲ್ಲ" ಎಂದರು. ಅಂದಿನಿಂದ ಇವಳು ಕನ್ನಡಿ ಹಿಡಿದು ಬೆನ್ನು ನೋಡಿಕೊಂಡಿದ್ದೇ ನೋಡಿಕೊಂಡಿದ್ದು. ಹುಣ್ಣು ಕಾವಿಯ ಕೆಳಗೆ ತನ್ನ ಪಾಡಿಗೆ ಬೆಳೆಯಿತು.

ತುಮಕೂರಿನ ನಮ್ಮ ಮನೆಗೆ ಬಂದಾಗ ಲಂಗದ ಮೇಲೆ ರಕ್ತ ಕಂಡು ಆಸ್ಪತ್ರೆಗೆ ಎಳೆದೊಯ್ದೆ. ಚರ್ಮದ ಡಾಕ್ಟರಮ್ಮ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕೆಂದರು. ಚಿಕ್ಕಮ್ಮ ಎದ್ದೇ ನಿಂತಳು.

"ಸರ್ಪದ ಮೇಲೆ ಕತ್ತಿ ಇಕ್ಕುದ್ರೆ ದೋಷ ಕಣೇ ಸುಧಾ. ಪಲ್ಲವಿ ಬಸ್ರಿ ಅವ್ಳೆ. ನಾನ್ ಸತ್ರೂ ಸರಿ, ಮಗೀಗೆ ಏನೂ ಆಗ್ಬಾರ್ದು."

ಪಲ್ಲವಿ ಅವಳ ಒಬ್ಬಳೇ ಮಗಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬಸುರಿಯ ಹೆಸರು ಬಂತಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ? ನಂಬದವಳಿಗೂ ಭಯವಾಯಿತು, ನಿಜ ಹೇಳುತ್ತೇನೆ.

ಡಾಕ್ಟರಮ್ಮ ವಾದ ಮಾಡಲಿಲ್ಲ. "ಲಂಗ ದಿನಾ ಕಟ್ಟೋ ಹಾಗೇ ಕಟ್ಟಿ, ನೋಡೋಣ" ಎಂದರು. ಚಿಕ್ಕಮ್ಮ ಅಭ್ಯಾಸದಂತೆ ಬಿಗಿದಳು. ಕಪ್ಪು ಸುತ್ತು ಲಾಡಿಯ ಕೆಳಗೆ ಪೂರಾ ಮುಚ್ಚಿಹೋಯಿತು. ಗಂಟು ಹುಣ್ಣಿನ ಮೇಲೇ ಕೂತು, ಅವಳು ಹಾ ಎಂದಳು.

"ಸರ್ಪಸುತ್ತು ವರ್ಷಗಟ್ಟಲೆ ಇರಲ್ಲಮ್ಮ. ಇದು ಲಾಡಿ ಉಜ್ಜಿ ಉಜ್ಜಿ ಆಗಿರೋದು. ಹೀಗೆ ವಾಸಿಯಾಗದ ಹುಣ್ಣು ಕ್ಯಾನ್ಸರ್ ಇರಬಹುದು."

"ಹಂಗಾರೆ ಇಷ್ಟ್ ದಿನ ಕಾವಿ ಬಳ್ದಿದ್ದು ಯಾವುದ್ಕೆ?" ಚಿಕ್ಕಮ್ಮ ನನ್ನ ಮುಖ ನೋಡಿದಳು. ಲಾಡಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಇದು ಹಾವಲ್ಲ ತಾನೆ? ಮಗೀಗೆ ಏನೂ ಆಗಾಕಿಲ್ಲ ತಾನೆ?" ಎಂದು ಎರಡೆರಡು ಸಲ ಕೇಳಿ ಒಪ್ಪಿಕೊಂಡಳು.

ಚರ್ಮದ ಕ್ಯಾನ್ಸರೇ ಆಗಿತ್ತು. ಆಪರೇಷನ್ ಮಾಡಿ ತೆಗೆದರು. ಬೇರೆಡೆ ಹರಡಿದಂತೆ ಕಾಣಲಿಲ್ಲ, ಆದರೂ ತೋರಿಸುತ್ತಿರಬೇಕು ಎಂದರು. ಈಗ ನೈಟಿ ತೊಟ್ಟು ಓಡಾಡುತ್ತಾಳೆ. ಎಲೆಅಡಿಕೆ ಚೀಲ ಎಲ್ಲಿ ಸಿಕ್ಕಿಸಬೇಕೆಂದು ತೋಚದೆ ಸೊಂಟ ತಡಕುತ್ತಾಳೆ.

ಕುಣಿಗಲ್‌ನಲ್ಲಿ, ಪಲ್ಲವಿಯ ಗಂಡನ ಮನೆಯಲ್ಲಿ ಸೀಮಂತ. ಮಗಳಿಗೆ ತಾನೇ ಸೀರೆ ಉಡಿಸುತ್ತೇನೆಂದು ಕೂತಳು. ಲಾಡಿಯ ಎರಡು ತುದಿ ಹಿಡಿದು ಜಗ್ಗಿದ ಕೈ ಅಲ್ಲೇ ನಿಂತಿತು. ಸಡಿಲ ಬಿಟ್ಟಳು. ಮತ್ತೆ ಬಿಗಿದಳು. ಮತ್ತೆ ಬಿಟ್ಟಳು. ಇಷ್ಟು ವರ್ಷ ಊರಿನ ಹೆಂಗಸರಿಗೆಲ್ಲ ಉಡುವುದು ಹೇಳಿಕೊಟ್ಟವಳು ಮಗಳ ಮುಖ ನೋಡಿ ಕೇಳಿದಳು:

"ಎಷ್ಟು ಬಿಗೀಲೇ?"