ಓನರ್ ಬರ್ಲಿ, ಕೇಳಿ ಹೇಳ್ತೀನಿ

ನನ್ನ ತಮ್ಮ ಸ್ವಂತ ಅಂಗಡಿ ಹಾಕಿದ ಮೊದಲ ದಿನ ಬೆಳಿಗ್ಗೆ ನಾನು ಬಂದು ನೋಡಿದರೆ, ಆಸಾಮಿ ಶಟರಿನ ಮುಂದೆ ಕೈಕಟ್ಟಿಕೊಂಡು ನಿಂತಿದ್ದಾನೆ. ಊಟದ ಡಬ್ಬಿ ಮೆಟ್ಟಿಲ ಮೇಲಿದೆ. ಬಿಸಿಲು ಆಗಲೇ ಮುಖಕ್ಕೆ ಹೊಡೆಯುತ್ತಿದೆ.

“ಯಾಕೋ ಹೊರಗೇ ನಿಂತಿದೀಯ?”

“ಇನ್ನೂ ಬಾಗ್ಲು ತೆಗ್ದಿಲ್ಲ ಅಕ್ಕ.”

“ಯಾರು ತೆಗೀಬೇಕು?”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಪ್ಯಾಂಟಿನ ಜೇಬಿಗೆ ಕೈಹಾಕಿ ಬೀಗದ ಕೈ ಹೊರಗೆ ತೆಗೆದ. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಇದು ಸುಲಭಕ್ಕೆ ಬಗೆಹರಿಯುವ ವಿಚಾರವಲ್ಲ ಅಂತ ಅವತ್ತೇ ನನ್ನ ತಲೆಗೆ ಹೋಗಬೇಕಿತ್ತು.

ಪೇಟೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಜಿಪ್ಪಣ್ಣ ಅಂತ. ಸೂಟ್‌ಕೇಸು, ಶಾಲೆಯ ಚೀಲ, ಹೆಂಗಸರ ಕೈಚೀಲ, ಯಾವುದರ ಜಿಪ್ ಕಿತ್ತುಹೋದರೂ ಅವನ ಹತ್ತಿರವೇ ಬರಬೇಕು. ಬಾಯಿಗೂ ಒಂದು ಜಿಪ್ ಎಳೆದುಕೊಂಡಿದ್ದಾನೆ ಅಂತ ತಮಾಷೆ ಮಾಡುವವರೂ ಇದ್ದಾರೆ. ಮೀಸೆ ಮೂಡುವ ಮೊದಲೇ ಒಂದು ದೊಡ್ಡ ಬ್ಯಾಗಿನ ಅಂಗಡಿ ಸೇರಿದವನು, ಮೀಸೆ ನರೆಯುವ ತನಕ ಅಲ್ಲಿನ ಹಿಂದಿನ ಕೋಣೆಯಲ್ಲೇ ಕೂತ. ಕಿಟಕಿ ಇಲ್ಲದ ಕೋಣೆ. ಒಂದು ಟ್ಯೂಬ್‌ಲೈಟು, ಒಂದು ಮರದ ಬೆಂಚು, ಮೂಗಿಗೆ ಅಡರುವ ಅಂಟಿನ ವಾಸನೆ.

ಇದು ರಿಪೇರಿ ಆಗುತ್ತಾ ಅಂತ ಗಿರಾಕಿ ಕೇಳಲಿ, ಎಷ್ಟಾಗುತ್ತೆ ಅಂತ ಕೇಳಲಿ, ಯಾವಾಗ ಬರಲಿ ಅಂತ ಕೇಳಲಿ, ಅವನಿಗೆ ಗೊತ್ತಿದ್ದದ್ದು ಒಂದೇ ಉತ್ತರ. “ಓನರ್ ಬರ್ಲಿ, ಕೇಳಿ ಹೇಳ್ತೀನಿ.” ಓನರ್ ಬಂದು ಇವನನ್ನೇ ಕೇಳುತ್ತಿದ್ದರು, “ಆಗುತ್ತೇನೋ?” ಇವನು “ಆಗುತ್ತೆ” ಅನ್ನುತ್ತಿದ್ದ. ಅವರು ಗಿರಾಕಿಯ ಕಡೆ ತಿರುಗಿ “ಆಗುತ್ತೆ” ಅನ್ನುತ್ತಿದ್ದರು. ಇಷ್ಟು ಭಾಗ್ಯಕ್ಕೆ ಒಬ್ಬ ಓನರ್ ಬೇರೆ!

ಆ ಮಹಾರಾಯರಿಗೆ ಒಂದು ದಿನ ಹೊಸ ಬುದ್ಧಿ ಬಂತು. ಹಳೇ ಬ್ಯಾಗು ರಿಪೇರಿಯಾಗುತ್ತಾ ಇದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಬೆಂಚು ಕಿತ್ತುಹಾಕಿಸಿ ಆ ಕೋಣೆಯನ್ನು ಗೋದಾಮು ಮಾಡಿದರು. ನನ್ನ ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ದಾರಿಯಲ್ಲಿ ಹೋಗುವವರನ್ನು “ಬನ್ನಿ ಸಾರ್, ಬನ್ನಿ ಮೇಡಂ” ಅಂತ ಕರೆಯಬೇಕು. ಬಾಯಿಲ್ಲದವನಿಗೆ ಕೂಗುವ ಕೆಲಸ! ಅದನ್ನೂ ತಲೆ ತಗ್ಗಿಸಿ ಮಾಡಿದ. ಸಂಜೆ ಮನೆಗೆ ಬಂದು ನೆಟ್ಟಗಿದ್ದ ಜಿಪ್ಪುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತ ಕೂರುತ್ತಿದ್ದನಂತೆ.

“ಅತ್ತಿಗೆ, ಇವರ ಕೈ ಒಂದು ಕಡೆ ನಿಲ್ತಾ ಇಲ್ಲ. ಮಗಳ ಚೀಲ ಎಷ್ಟು ಸಲ ಬಿಚ್ಚಿದ್ರೋ,” ಅಂತ ಅವನ ಹೆಂಡತಿ ನನ್ನ ಮುಂದೆ ಕಣ್ಣೀರು ಹಾಕಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಟೈಲರ್. ಗಂಡ ತೀರಿಕೊಂಡ ಮೇಲೆ ಒಂದು ಹಳೇ ಮಿಷನ್ ಇಟ್ಟುಕೊಂಡು ನನ್ನ ಕಾಲ ಮೇಲೆ ನಿಂತವಳು. ಬಟ್ಟೆಗೆ ಕತ್ತರಿ ಹಾಕುವಾಗ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ನನ್ನ ಒಡಹುಟ್ಟಿದವನು ಹೀಗೆ ಬಾಗಿಲು ಕಾಯುವುದೇ? ನನ್ನ ಅಂಗಡಿಯ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿದೆ. ಬಟ್ಟೆ ಹಾಕಿ ನೋಡುವ ಜಾಗವನ್ನು ಮೂಲೆಗೆ ತಳ್ಳಿ, ರಸ್ತೆ ಕಡೆಯ ಅರ್ಧ ಅವನಿಗೆ ಬಿಟ್ಟೆ, ಶಟರಿನ ಬೀಗದ ಕೈಯನ್ನೂ ಕೊಟ್ಟೆ.

“ನಾಳೇನೇ ಕೆಲಸ ಬಿಡು,” ಅಂದೆ.

“ಓನರ್‌ನ ಒಂದು ಮಾತು ಕೇಳಿ…”

“ಬಿಡೋದಕ್ಕೂ ಅವರನ್ನ ಕೇಳ್ತೀಯೇನೋ?”

ಕೇಳಿಯೇ ಬಿಟ್ಟುಬಂದ, ಪುಣ್ಯಾತ್ಮ. ಬೋರ್ಡು ಬರೆಯುವವನು “ಮಾಲೀಕರು ಅಂತ ಯಾರ ಹೆಸರು ಹಾಕ್ಲಿ?” ಅಂದಾಗ ಇವನು “ಅದು ಆಮೇಲೆ ನೋಡೋಣ” ಅಂದ. ಹಾಗಾಗಿ ನಮ್ಮ ಬೋರ್ಡಿನಲ್ಲಿ ‘ಬ್ಯಾಗ್ ರಿಪೇರಿ’ ಅಂತ ದೊಡ್ಡದಾಗಿದೆ, ಕೆಳಗೆ ‘ಮಾಲೀಕರು’ ಅಂತ ಇದೆ, ಅದರ ಮುಂದೆ ಖಾಲಿ ಬಿಳಿ ಬಣ್ಣ.

ಗಿರಾಕಿಗಳೇನೋ ಬಂದರು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಚಕ್ರ ಮುರಿದ ಸೂಟ್‌ಕೇಸನ್ನು ದರದರ ಎಳೆದುಕೊಂಡು ಬಂದಳು. ಸಂಜೆ ಬಸ್ಸಿಗೆ ಹೊರಡಬೇಕಂತೆ. ನಾನು ಹಲಗೆಯ ಈಚೆ ಕಾಲರ್ ಹೊಲಿಯುತ್ತಿದ್ದೆ. ಅವಳು ಮಾತು ಮುಗಿಸುವ ಮೊದಲೇ ಇವನು ಪೆಟ್ಟಿಗೆಯನ್ನು ಬೋರಲು ಹಾಕಿ, ಮುರಿದ ಚಕ್ರ ಕಿತ್ತು, ಅದಕ್ಕೆ ಸರಿಹೋಗುವ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ.

“ಎಷ್ಟಾಗುತ್ತೆ ಹೇಳಿಬಿಡಿ,” ಅಂದಳು ಅವಳು.

“ಓನರ್ ಬರ್ಲಿ, ಕೇಳಿ ಹೇಳ್ತೀನಿ.”

“ಎಷ್ಟೊತ್ತಿಗೆ ಬರ್ತಾರೆ?”

ಇವನು ಕೈಯಲ್ಲಿದ್ದ ಚಕ್ರವನ್ನು ತಿರುಗಿಸುತ್ತ ನಿಂತ. ನಾನು ಮಿಷನ್ ನಿಲ್ಲಿಸಿ ಓಡಿಬರುವಷ್ಟರಲ್ಲಿ ಅವಳು ಪೆಟ್ಟಿಗೆ ಎತ್ತಿಕೊಂಡು ರಸ್ತೆ ದಾಟಿ ಆಗಿತ್ತು. ಚಕ್ರ ಇವನ ಕೈಯಲ್ಲೇ ಉಳಿದಿತ್ತು.

“ಈ ಅಂಗಡಿಗೆ ಓನರ್ ಯಾರೋ?” ಅಂತ ಕಿರುಚಿದೆ.

“ನಾನೇ.”

“ಮತ್ತೆ?”

“ಬಾಯಿಗೆ ಬಂದ್ಬಿಡುತ್ತೆ ಅಕ್ಕ.”

ಅವತ್ತು ಹಣೆ ಹಣೆ ಚಚ್ಚಿಕೊಂಡೆ. ಅಲ್ಲಿಂದ ಮುಂದೆ ಹಲಗೆಯ ಆಚೆಯಿಂದ ಇನ್ನೊಂದು ಪಾಡು ಶುರುವಾಯಿತು. “ಅಕ್ಕ, ಇದಕ್ಕೆಷ್ಟು ಹೇಳ್ಲಿ?” “ಅಕ್ಕ, ನಾಡಿದ್ದು ಕೊಡ್ತೀನಿ ಅನ್ಲಾ?” “ಅಕ್ಕ, ಊಟಕ್ಕೆ ಹೋಗ್ಲಾ?” ನಾನೂ ಈಚೆಯಿಂದ ಕೂಗಿ ಕೂಗಿ ಹೇಳುತ್ತಿದ್ದೆ. ಗಂಟಲು ಬಿದ್ದುಹೋಯಿತು, ಎರಡು ಅಂಗಿಗಳ ತೋಳು ತಿರುವುಮುರುವಾಯಿತು. ವ್ಯಾಪಾರ ಅಂತೂ ನಡೆಯುತ್ತಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಒಂದು ದಿನ ಡಬ್ಬಿ ತಂದ ಅವನ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು, “ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಮುಂಚೆ ಅವರು ಓನರ್ ಆಗಿದ್ರು. ಈಗ ನೀವು.”

ಚುರುಕ್ ಅಂತು. ಅರ್ಧ ಅಂಗಡಿ ಬಿಟ್ಟುಕೊಟ್ಟವಳಿಗೆ ಸಿಕ್ಕ ಬಹುಮಾನ ನೋಡಿ! ಅವಳ ಜೊತೆ ಅವತ್ತು ಮಾತಾಡಲಿಲ್ಲ. ಆದರೆ ಮಾರನೆಯ ದಿನ ಆಚೆಯಿಂದ “ಅಕ್ಕಾ” ಅನ್ನುವ ಕೂಗು ಬಂದಾಗ ಹಲ್ಲು ಕಚ್ಚಿಕೊಂಡು ಮಿಷನ್ ತುಳಿದೆ. ಮತ್ತೆ ಕರೆದ. ಇನ್ನೂ ಜೋರಾಗಿ ತುಳಿದೆ.

ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಗಿರಾಕಿಗಳು ಕೇಳಿ, ಕಾದು, ಬೇಸತ್ತು ಹೋಗುವುದನ್ನು ಕೇಳಿಸಿಕೊಳ್ಳುತ್ತ ಕೂರುವುದೆಂದರೆ ಜೀವ ಹಿಂಡಿದ ಹಾಗೆ ಆಗುತ್ತಿತ್ತು. ಕೆಲವರಿಗೆ ಅವನು ತೊದಲಿಕೊಂಡು ಏನೋ ಒಂದು ರೇಟು ಹೇಳುತ್ತಿದ್ದ, ಹಲವರಿಗೆ ಅದೇ ಹಳೇ ಹಾಡು. ಅವನ ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣತೊಡಗಿತು. ಹೀಗೇ ಆದರೆ ಮತ್ತೆ ಆ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ ಅಂತ ಹೆಂಡತಿ ಅವನ ಮುಖಕ್ಕೇ ಹೇಳಿದಳಂತೆ. ಅವನು ಮಗಳ ಚೀಲ ಎಳೆದುಕೊಂಡು ಮತ್ತೆ ಜಿಪ್ಪು ಬಿಚ್ಚತೊಡಗಿದನಂತೆ.

ಅಂಥ ದಿನಗಳಲ್ಲೇ ಹಳೇ ಓನರ್ ಬಂದರು. ಹಲಗೆಯ ಸಂದಿಯಿಂದ ನೋಡಿದೆ. ಇವನು ದಡಬಡಿಸಿ ಎದ್ದು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟ. ಅವರು ತಲೆಯೆತ್ತಿ ಬೋರ್ಡು ಓದಿ, ಆಮೇಲೆ ಕೂತರು.

“ಮಾಲೀಕರು ಅಂತಿದೆ, ಮುಂದೆ ಖಾಲಿ. ಯಾರೂ ಇಲ್ವೇನೋ?” ಅಂತ ನಕ್ಕರು. “ನೋಡು, ಗಿರಾಕಿಗಳು ರಿಪೇರಿಗೆ ನಿನ್ನನ್ನೇ ಕೇಳ್ತಾರೆ. ಬೆಂಚು ಮತ್ತೆ ಹಾಕಿಸ್ತೀನಿ. ನಾಳೆಯಿಂದ ಬಂದ್ಬಿಡು. ಇದೆಲ್ಲ ನಿನ್ನ ಕೈಲಾಗೋದಲ್ಲ.”

ಎದ್ದು ಹೋಗಿ ನಾಲ್ಕು ಮಾತು ಆಡಬೇಕು ಅಂತ ನಾಲಿಗೆ ತುರಿಸುತ್ತಿತ್ತು. ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಜಿಪ್ಪಣ್ಣ ತಲೆ ಕೆರೆದುಕೊಂಡ.

“ಓನರ್‌ನ ಕೇಳಿ ಹೇಳ್ತೀನಿ,” ಅಂದ.

ಮುಗಿಯಿತು ಅಂದುಕೊಂಡೆ. ಇವನನ್ನು ಉದ್ಧಾರ ಮಾಡುತ್ತೇನೆಂದು ಹೊರಟ ನನ್ನ ಬುದ್ಧಿಗಿಷ್ಟು.

“ಲೇ, ನಾನೇ ಅಲ್ವೇನೋ ಓನರ್!” ಅಂತ ಅವರು ಗಹಗಹಿಸಿದರು.

“ನೀವಲ್ಲ ಸಾರ್. ಈ ಅಂಗಡಿ ಓನರ್‌ನ.”

ಅವರ ನಗು ನಿಂತಿತು. ನನ್ನ ತಮ್ಮ ನೆಲದ ಮೇಲೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಸೂಜಿಗೆ ದಾರ ಪೋಣಿಸಿದ, ಗಂಟು ಹಾಕಿದ, ಜಿಪ್ಪಿನ ಒಂದು ಬದಿಯ ಹೊಲಿಗೆಯನ್ನು ಕೊನೆಯ ತನಕ ಮುಗಿಸಿದ. ಓನರ್ ಸ್ಟೂಲಿನ ಮೇಲೆ ಕಾದರು. ಅವರು ಅವನಿಗಾಗಿ ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ದಾರ ಕಡಿದು, ತಲೆ ಎತ್ತದೆಯೇ ಹೇಳಿದ.

“ಕೇಳಿದೆ ಸಾರ್. ಆಗಲ್ಲ ಅಂದ್ರು.”

ಅವರು ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಆಮೇಲೆ ಹಲಗೆಯ ಆಚೆಯಿಂದ ಅದೇ ದನಿ ಬಂತು.

“ಅಕ್ಕಾ, ಸರಿಯಾಗಿ ಹೇಳಿದೆ ತಾನೇ?”

ನನಗೆ ಕಣ್ಣು ತುಂಬಿತ್ತು. ಸಿಟ್ಟೂ ಹಾಗೇ ಇತ್ತು.

“ನನ್ನನ್ನ ಯಾಕೋ ಕೇಳ್ತೀಯ?” ಅಂತ ಗದರಿದೆ. “ನಿನ್ನ ಓನರ್‌ನ ಕೇಳು, ಹೋಗು.”