ಮಾವನ ಗ್ಯಾಸ್ ಪಿಸ್ತೂಲು

ನಂಜನಗೂಡಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಚಿಕ್ಕಸ್ವಾಮಿಗೆ ಈ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಷಡ್ಡಕ ಪ್ರಸಾದನೊಬ್ಬನನ್ನು ಬಿಟ್ಟು. ಹಗೆ ಅನ್ನುವುದೂ ದೊಡ್ಡ ಮಾತಾಯಿತು. ಶುದ್ಧ ಹೊಟ್ಟೆಕಿಚ್ಚು, ಅಷ್ಟೇ.

ಮೂಗೂರಿನ ಹುಚ್ಚಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಶಾಂತಿ, ಚಿಕ್ಕಸ್ವಾಮಿಯ ಹೆಂಡತಿ. ಕಿರಿಯವಳಾದ ಹೇಮಲತಾಳನ್ನು ತಿ. ನರಸೀಪುರದಲ್ಲಿ ಸೋಡಾ ಫ್ಯಾಕ್ಟರಿ ಇಟ್ಟಿರುವ ಪ್ರಸಾದನಿಗೆ ಕೊಟ್ಟಿತ್ತು. ಹಿರಿಯ ಅಳಿಯ ಅನ್ನುವ ಹೆಸರು ಚಿಕ್ಕಸ್ವಾಮಿಯದು, ಉಪಚಾರವೆಲ್ಲ ಪ್ರಸಾದನದು. ಬೋರಿನ ಮೋಟಾರು ಕೆಟ್ಟರೆ ಮಾವ ಫೋನ್ ಮಾಡುತ್ತಿದ್ದುದು ಸೋಡಾದವನಿಗೆ. ಇಪ್ಪತ್ತೆಂಟು ವರ್ಷದಿಂದ ಪಂಪು ಬಿಚ್ಚಿ ಜೋಡಿಸುತ್ತಿರುವವನು ಇಲ್ಲಿ ಕೂತಿದ್ದಾನೆ, ಆ ಮಹಾರಾಯನಿಗೆ ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಗೊತ್ತಿಲ್ಲ! ಬಾಡೂಟದ ದಿನ ನಲ್ಲಿಮೂಳೆ ಕೂಡ ಪ್ರಸಾದನ ಎಲೆಗೇ ಬೀಳುತ್ತಿತ್ತು. ಚಿಕ್ಕಸ್ವಾಮಿ ಅಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಮನೆಗೆ ಬಂದು ಶಾಂತಿಯ ಮೇಲೆ ರೇಗುತ್ತಿದ್ದ.

ಹೋದ ಚಳಿಗಾಲದಲ್ಲಿ ಪ್ರಸಾದ್ ಅಂಗಡಿಗೆ ಬಂದು, ಟವೆಲಿನಲ್ಲಿ ಸುತ್ತಿದ್ದ ಪಿಸ್ತೂಲೊಂದನ್ನು ಬೆಂಚಿನ ಮೇಲಿಟ್ಟ. ಹಿಡಿಯೊಳಗೆ ಗ್ಯಾಸ್ ತುಂಬಿದ ಪುಟ್ಟ ಉಕ್ಕಿನ ಬಲ್ಬು ತುರುಕಿದರೆ, ಆ ಗ್ಯಾಸಿನ ಜೋರಿಗೆ ಸೀಸದ ಪೆಲೆಟ್ಟು ಹಾರುವ ಹಳೇ ಕಾಲದ ಮಾಲು. ಹುಚ್ಚಯ್ಯ ಮೈಸೂರಿನ ಒಂದು ರೈಫಲ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಜವಾನನಾಗಿದ್ದವನು. ರಿಟೈರ್ ಆದಾಗ, ಕೆಟ್ಟು ಮೂಲೆಗೆ ಬಿದ್ದಿದ್ದ ಇದನ್ನು ನೆನಪಿಗಿರಲಿ ಅಂತ ಕೊಟ್ಟಿದ್ದರು. ಮೂವತ್ತು ವರ್ಷ ಇನ್ನೊಬ್ಬರಿಗೆ ಪೆಲೆಟ್ಟು ತುಂಬಿಕೊಟ್ಟ, ಗುರಿಕಾಗದ ಬದಲಾಯಿಸಿದ ಮನುಷ್ಯ ತಾನು ಒಂದೇ ಒಂದು ಗುಂಡು ಹೊಡೆದವನಲ್ಲ. ಈಗ ಎಂಬತ್ತೆರಡು. ಕಣ್ಣು ಪೂರಾ ಹೋಗುವ ಮೊದಲು ಒಂದು ಸಲ ಗುರಿ ಇಡಬೇಕು ಅನ್ನುತ್ತಿದ್ದಾನಂತೆ. ಮಾವ ನನಗೆ ಕೊಟ್ಟರು, ನನ್ನಿಂದ ಆಗುವ ಕೆಲಸವಲ್ಲ, ನೀನೇ ನೋಡಬೇಕಣ್ಣ ಅಂದ ಪ್ರಸಾದ್. ಚಿಕ್ಕಸ್ವಾಮಿಯ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ: ಮಾವ ಕೊಟ್ಟಿದ್ದು ಇವನಿಗೆ.

ಆದರೂ ಕೆಲಸಕ್ಕೆ ಕೂತ ಮೇಲೆ ಕೈ ಸುಮ್ಮನಿರಬೇಕಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ ತುಕ್ಕು ಬಿಡಿಸಿದ. ಸೀಳಿದ್ದ ಹಿಡಿಗೆ ಬೀಟೆ ಮರದ ಪಟ್ಟಿ ಕೆತ್ತಿ ಕೂರಿಸಿದ. ಒಳಗಿನ ವಾಷರ್ ಪುಡಿಪುಡಿಯಾಗಿತ್ತು. ಬೇಕಾದೀತು ಅಂತ ಪ್ರಸಾದ್ ಪಿಸ್ತೂಲಿನ ಜೊತೆಗೇ ತಂದುಕೊಟ್ಟಿದ್ದ ಗೋಲಿ ಸೋಡಾ ಬಾಟಲಿಯ ರಬ್ಬರ್ ಉಂಗುರವನ್ನೇ ಹಾಕಿ ನೋಡಿದ. ಆರನೇ ಗುಂಡಿಗೆ ಪಿಸ್ತೂಲು ಕಚ್ಚಿಕೊಂಡಿತು. ಸೋಡಾಕ್ಕೆ ತಡೆಯುವ ರಬ್ಬರು ಬಲ್ಬಿನ ಗಟ್ಟಿ ಗ್ಯಾಸಿಗೆ ಊದಿಕೊಳ್ಳುತ್ತಿತ್ತು. ಆಮೇಲೆ ಪವರ್ ಸ್ಪ್ರೇಯರಿನ ಬಿಳಿ ಟೆಫ್ಲಾನ್ ವಾಷರನ್ನು ಅಳತೆಗೆ ಉಜ್ಜಿ ಕೂರಿಸಿದ. ಅಂಗಡಿಯ ಹಿಂದೆ ಪೇಂಟ್ ಡಬ್ಬದ ಮುಚ್ಚಳಕ್ಕೆ ನಲವತ್ತು ಗುಂಡು ಹೊಡೆದ, ಒಂದೂ ತಪ್ಪಲಿಲ್ಲ, ಒಂದೂ ಕಚ್ಚಲಿಲ್ಲ. ಶಭಾಷ್ ಅನ್ನುವವರು ಯಾರೂ ಇಲ್ಲದ್ದಕ್ಕೆ ತನಗೆ ತಾನೇ ಶಭಾಷ್ ಅಂದುಕೊಂಡ.

ಅಷ್ಟರಲ್ಲಿ ಪ್ರಸಾದನ ಫೋನು ಬಂತು. ಭಾನುವಾರ ಮಾವ ಎಲ್ಲರನ್ನೂ ಮೂಗೂರಿಗೆ ಕರೆದಿದ್ದಾರೆ, ಪಿಸ್ತೂಲು ರೆಡಿ ಅಂತ ಹೇಳಿದ್ದೇನೆ ಅಂದ. ರೆಡಿಯಂತೆ! ಮಾಡಿದವನು ಯಾರು ಅಂತ ಹೇಳಿದನೋ? ಚಿಕ್ಕಸ್ವಾಮಿ ಬಾಯಿಬಿಟ್ಟು ಕೇಳಲಿಲ್ಲ. ಫೋನಿಟ್ಟವನೇ ಪಿಸ್ತೂಲು ಬಿಚ್ಚಿ, ಬಿಳಿ ವಾಷರ್ ತೆಗೆದು ಡ್ರಾಯರಿಗೆ ಹಾಕಿ, ಸೋಡಾ ರಬ್ಬರನ್ನು ವಾಪಸ್ ಕೂರಿಸಿದ. ಹೇಗೂ ಮುಂದೆ ನಿಂತು ಹೊಡೆದು ಮೆರೆಯುವವನು ಪ್ರಸಾದನೇ. ಹತ್ತು ಜನರೆದುರು ಅವನ ಕೈಯಲ್ಲೇ ಕಚ್ಚಿಕೊಳ್ಳಲಿ, ಮರ್ಯಾದೆ ಮೂರು ಕಾಸಿಗೆ ಹೋಗಲಿ.

ಭಾನುವಾರ ಹಿತ್ತಲಿನ ಹುಲ್ಲುಮೆದೆಗೆ ಗುರಿಕಾಗದ ಚುಚ್ಚಿದರು. ವಯಸ್ಸಾದವರ ಕೈ, ಏನಾದರೂ ಆದೀತು, ಮೊದಲು ನಾನು ನೋಡುತ್ತೇನೆ ಅಂತ ಪ್ರಸಾದ್ ಮುಂದೆ ಬಂದ. ಒಂದು, ಎರಡು, ಮೂರು. ಹೇಮಲತಾ ವಿಡಿಯೊ ಹಿಡಿದಳು. ನಾಲ್ಕು, ಐದು. ಚಿಕ್ಕಸ್ವಾಮಿ ಆರನೆಯದಕ್ಕೆ ಕಾದ. ಸಾಕು, ಇನ್ನು ಮಾವ ಹೊಡೆಯಲಿ ಅಂತ ಪ್ರಸಾದ್ ಪಿಸ್ತೂಲನ್ನು ಮುದುಕನ ಕೈಗೆ ಕೊಟ್ಟುಬಿಟ್ಟ.

ಇದನ್ನು ಚಿಕ್ಕಸ್ವಾಮಿ ಲೆಕ್ಕ ಹಾಕಿರಲಿಲ್ಲ. ಹುಚ್ಚಯ್ಯ ಕ್ಲಬ್ಬಿನ ಸಾಹೇಬರ ಹಾಗೆ ಒಂದು ಕೈಯನ್ನು ಬೆನ್ನ ಹಿಂದಿಟ್ಟು, ಕಾಲು ಅಗಲಿಸಿ, ನೆಟ್ಟಗೆ ನಿಂತು ಗುರಿ ಇಟ್ಟ. ಕುದುರೆ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಮೂರನೇ ಸಲವೂ ಹಾರದಿದ್ದಾಗ ಪಿಸ್ತೂಲು ಕೆಳಗಿಳಿಸಿದ.

"ಓಗ್ಲಿ ಬುಡು ಚಿಕ್ಕಸ್ವಾಮಿ, ಅಳೇದು ಕಣಪ್ಪ. ನೀನೇನ್ ಮಾಡೀಯೆ."

ನನಗೇಕೆ ಹೇಳುತ್ತಿದ್ದಾನೆ ಅಂತ ಚಿಕ್ಕಸ್ವಾಮಿ ಬೆಪ್ಪಾಗಿ ನೋಡಿದ.

"ನೀನೇ ಮಾಡ್ದೋನು ಅಂತ ಪ್ರಸಾದ ಆವತ್ತೇ ಏಳ್ದ. ನಿನ್ ಕೈಕೆಲ್ಸ ಎಲ್ರೂ ನೋಡ್ಲಿ ಅಂತ್ಲೇ ಕರ್ಸಿದ್ದು."

ಚಿಕ್ಕಸ್ವಾಮಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುದುಕ ಇನ್ನೂ ಗುರಿಕಾಗದವನ್ನೇ ನೋಡುತ್ತಿದ್ದ.

"ಅಳೇದಾಗಿ ಕೆಟ್ಟಿದ್ದಲ್ಲ ಮಾವ. ಬೇಕಂತ್ಲೇ ಕೆಟ್ಟ ವಾಸರ್ ಆಕ್ದೆ. ಇವ್ನ್ ಕೈಲಿ ನಿಂತೋಗ್ಲಿ ಅಂತ."

ಶಾಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಚ್ಚಯ್ಯ ಪಿಸ್ತೂಲನ್ನು ಒಮ್ಮೆ ತಿರುಗಿಸಿ ನೋಡಿದ. ಒಳ್ಳೆಯ ವಾಷರ್ ಎಲ್ಲಿದೆ ಅಂತ ಕೇಳಿದ. ಅಂಗಡಿಯಲ್ಲಿ ಅಂದ ಚಿಕ್ಕಸ್ವಾಮಿ.

"ಓಗ್ ತಕ್ಕೊಂಬಾ. ನಾನಿಲ್ಲೇ ಕುಂತಿರ್ತೀನಿ."

ಬಸ್ಸಿಗೆ ಕಾದರೆ ಸಂಜೆಯಾಗುತ್ತದೆ ಅಂತ ಪ್ರಸಾದ್ ಕಾರು ತೆಗೆದ. ನರಸೀಪುರ ದಾಟುವ ತನಕ ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ಏಸಿ ಜಾಸ್ತಿಯಾಯಿತೇನಣ್ಣ ಅಂತ ಮಾತ್ರ ಕೇಳಿದ. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಚಿಕ್ಕಸ್ವಾಮಿಗೆ ಸಮಾಧಾನವಾಗುತ್ತಿತ್ತು. ಒಳ್ಳೆಯವನು ಅನ್ನಿಸಿಕೊಳ್ಳುವುದರಲ್ಲೂ ಈ ಸೋಡಾದವನೇ ಮುಂದೆ ಹೋದನಲ್ಲ ಅಂತ ನಂಜನಗೂಡು ಮುಟ್ಟುವವರೆಗೂ ಅವನ ಹೊಟ್ಟೆ ಉರಿಯುತ್ತಲೇ ಇತ್ತು.